ನಿಷೇಧ ಸುಳ್ಳಾಗಬಾರದು: ಡ್ರ್ಯಾಗನ್ ಕಾದಂಬರಿಯ ಎರಡನೇ ಪುಸ್ತಕ ಬರೆಯುವ ಬಗೆ

(ಮಡಿಕೇರಿಯಲ್ಲಿ ಯುವ ಬರಹಗಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಎರಡು ಪ್ರಶ್ನೆಗಳ ಉತ್ತರವನ್ನೂ ಕೊನೆಗೆ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯದ ವ್ಯಾಪ್ತಿ ಚಿಕ್ಕದು. ಹದಿಹರೆಯದವರಿಗಾಗಿ ಬರೆದ ಡ್ರ್ಯಾಗನ್ ಫ್ಯಾಂಟಸಿ, ಅದರೊಳಗೊಂದು ನಿಷಿದ್ಧ ಪ್ರೇಮ, ಅದರ ಎರಡನೇ ಪುಸ್ತಕ. ಮೊದಲ ಪುಸ್ತಕ ಬರೆಯುವುದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಎರಡನೆಯದರಲ್ಲಿ ಒಳ್ಳೊಳ್ಳೆಯವರೂ ಮುಗ್ಗರಿಸುತ್ತಾರೆ, ಮುಗ್ಗರಿಸುವ ಜಾಗವೂ ಹೆಚ್ಚುಕಡಿಮೆ ಒಂದೇ.

ಮೊದಲ ಪುಸ್ತಕದಲ್ಲಿ ಸಾಮಾನ್ಯವಾಗಿ ಏನಾಗಿರುತ್ತದೆ? ಎರಡು ಮನೆತನ, ಎರಡಕ್ಕೂ ಒಂದೊಂದು ಡ್ರ್ಯಾಗನ್. ಈ ಮನೆಯ ಹುಡುಗಿ ಆ ಮನೆಯ ಹುಡುಗನ ಹತ್ತಿರ ಸುಳಿಯಕೂಡದು ಎಂಬ ಕಟ್ಟಳೆ. ಸುಳಿಯುತ್ತಾರೆ, ಮೆಚ್ಚುತ್ತಾರೆ, ಕಟ್ಟಳೆ ಮುರಿಯುತ್ತಾರೆ. ಹಿರಿಯರು ಹೇಳಿದ್ದೆಲ್ಲ ಸುಳ್ಳು ಎಂದು ಓದುವವರಿಗೂ ಅನ್ನಿಸುತ್ತದೆ. ಪುಸ್ತಕ ಗೆಲ್ಲುತ್ತದೆ. ಎರಡನೆಯದು ತೆರೆದಾಗ ಇಬ್ಬರೂ ಜೊತೆಗಿದ್ದಾರೆ, ಆಡಬೇಕಾದ ಮಾತು ಆಡಿ ಆಗಿದೆ. ಇನ್ನು ಇವರನ್ನು ದೂರ ಇಡುವುದು ಹೇಗೆ? ಆಗ ಕೈಗೆ ಸಿಕ್ಕಿದ್ದೆಲ್ಲ ಒಳಗೆ ಬರುತ್ತದೆ: ಒಂದು ತಪ್ಪು ತಿಳಿವಳಿಕೆ, ಒಂದು ಕದ್ದ ಪತ್ರ, ಇನ್ನೊಬ್ಬ ಚೆಲುವ, ಮೊದಲಿನದಕ್ಕಿಂತ ದೊಡ್ಡ ಡ್ರ್ಯಾಗನ್. ನೂರು ಪುಟ ದಾಟುವ ಮೊದಲೇ ಓದುಗರು ಪುಸ್ತಕ ಮಡಚಿಡುತ್ತಾರೆ. ಅವರನ್ನು ದೂರುವಂತಿಲ್ಲ.

ದಾರಿ ಇರುವುದು ಇಲ್ಲಿ: ಎರಡನೇ ಪುಸ್ತಕದಲ್ಲಿ ಆ ನಿಷೇಧದ ಹಿಂದಿನ ಅಪಾಯ ನಿಜವೆಂದು ಗೊತ್ತಾಗಬೇಕು. ಹಿರಿಯರು ಹೆದರಿದ್ದಕ್ಕೆ ಕಾರಣ ಇತ್ತು. ಆ ಕಾರಣ ಡ್ರ್ಯಾಗನ್‌ನ ಮೈಯಲ್ಲೇ, ಅದರ ಹುಟ್ಟುಗುಣದಲ್ಲೇ ಇರಬೇಕು. ಹಾಗಿದ್ದರೆ ಮಾತ್ರ ಪ್ರೇಮದ ಕಥೆ, ಡ್ರ್ಯಾಗನ್ ಕಥೆ ಎರಡೂ ಒಂದೇ ಕಥೆಯಾಗುತ್ತವೆ. ಪರೀಕ್ಷೆ ಸುಲಭ. ನಿಮ್ಮ ಕಥಾಸಾರದಿಂದ ಡ್ರ್ಯಾಗನ್ ತೆಗೆದು ಅಲ್ಲಿ ಕುದುರೆಯನ್ನೋ ಜೀಪನ್ನೋ ಇಟ್ಟು ನೋಡಿ. ಪ್ರೇಮಕಥೆ ಒಂದು ಗೆರೆಯೂ ಬದಲಾಗದೆ ನಿಂತರೆ, ನಿಮ್ಮ ಡ್ರ್ಯಾಗನ್ ಬರೀ ವಾಹನ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ, ಕೊನೆಯವರೆಗೂ ಅದನ್ನೇ ಹಿಡಿದು ಹೋಗೋಣ. ಮಲೆಮನೆ, ಹೊಳೆಮನೆ ಎಂದು ಎರಡು ಮನೆತನ. ಹೆಸರು ಬೇಕೆಂದೇ ಹೀಗಿಟ್ಟಿದೆ. ಕೊಡಗಿನಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಬದುಕಿರುವ ಜನರ ಹೆಸರು. ಕೇಳಲು ಚೆನ್ನಾಗಿದೆ ಎಂದು ಅಂಥ ಒಂದು ಹೆಸರನ್ನು ಖಳನ ಮನೆಗೆ ಇಟ್ಟರೆ ಪುಸ್ತಕ ಬಂದ ಮರುದಿನವೇ ನಿಜವಾದ ಮನೆಯೊಂದಕ್ಕೆ ನೋವಾಗುತ್ತದೆ. ಮಲೆಮನೆಯ ಹುಡುಗಿ ದೇಚು, ಅವಳ ಮನೆಯ ಡ್ರ್ಯಾಗನ್ ಕೆಂಡಿ. ಹೊಳೆಮನೆಯ ಹುಡುಗ ಪೂವ, ಅವನ ಮನೆಯದು ಮಸಿ. ಎರಡೂ ಹೆಣ್ಣು. ಜನವರಿಯಿಂದ ಮೇ ತನಕ ಗೂಡು ಕಾಯುವ ಕಾಲ. ಆಗ ಒಂದರ ಎಲ್ಲೆಯೊಳಗೆ ಇನ್ನೊಂದರ ವಾಸನೆ ಬಂದರೆ ಸುಟ್ಟೇ ಬಿಡುತ್ತವೆ. ವಾಸನೆ ಅಂಟುವುದು ಮನುಷ್ಯರಿಗೆ: ಒಂದೇ ಸೂರಿನಡಿ ಬಾಳಿದವರ ಬಟ್ಟೆಗೆ, ಕೂದಲಿಗೆ, ಕೈಗೆ. ದೇಚು ಪೂವನ ಕೈ ಹಿಡಿದು ಮನೆಗೆ ಬಂದರೆ, ಕೆಂಡಿಗೆ ಕಾಣುವುದು ತನ್ನ ಮೊಟ್ಟೆಯ ಹತ್ತಿರ ಬಂದ ಮಸಿ.

ಈಗ ಮೊದಲ ಪುಸ್ತಕಕ್ಕೆ ತಿರುಗಿ ನೋಡಿ. ಇಬ್ಬರೂ ಭೇಟಿಯಾದದ್ದು ಮಳೆಗಾಲದಲ್ಲಿ, ಗೂಡು ಖಾಲಿ ಇದ್ದಾಗ. ಏನೂ ಆಗಲಿಲ್ಲ. ಕಟ್ಟಳೆ ಸುಳ್ಳು ಎಂದುಕೊಂಡರು. ಬೇಸಿಗೆ ಬಂತು, ಬೆಟ್ಟದ ಒಂದು ಮಗ್ಗುಲು ಹೊತ್ತಿಕೊಂಡಿತು. ಮೊದಲ ಪುಸ್ತಕದಲ್ಲಿ ಆ ಬೆಂಕಿಯನ್ನು ನೀವು ಹಿರಿಯರ ಪಿತೂರಿ ಎಂದು ಬರೆದಿದ್ದರೂ ತೊಂದರೆಯಿಲ್ಲ. ಎರಡನೆಯದರಲ್ಲಿ ದೇಚುವಿಗೆ ದಿನಾಂಕಗಳು ತಾಳೆಯಾಗುತ್ತವೆ. ಓದುಗರಿಗೆ ಅವಳಿಗಿಂತ ಅರ್ಧ ಪುಟ ಮೊದಲು ತಾಳೆಯಾಗಬೇಕು.

ಓದುಗರು ತಕ್ಷಣ ಕೇಳುವ ಪ್ರಶ್ನೆ: ಆ ಐದು ತಿಂಗಳು ದೂರ ಇದ್ದರಾಯಿತಲ್ಲ? ಇದಕ್ಕೆ ಮೊದಲ ಮೂರು ಅಧ್ಯಾಯದೊಳಗೆ ಉತ್ತರ ಕೊಡಲೇಬೇಕು. ಮದುವೆಯಾದವರು ಹನ್ನೆರಡು ತಿಂಗಳೂ ಒಂದೇ ಮನೆಯಲ್ಲಿರುತ್ತಾರೆ, ವಾಸನೆ ಗೋಡೆಗೂ ಹಾಸಿಗೆಗೂ ಇಳಿಯುತ್ತದೆ ಎಂಬುದೇ ಸಾಕು. ಆದರೆ ಅದನ್ನು ವಿವರಣೆಯಾಗಿ ಹೇಳಬೇಡಿ, ಯಾರೋ ಒಬ್ಬರು ಹಾಗೆ ಪ್ರಯತ್ನಿಸಿ ಸೋತ ಹಳೆಯ ಮನೆಯ ಸುಟ್ಟ ಅಡಿಪಾಯವನ್ನು ತೋರಿಸಿ.

ಇಲ್ಲಿ ನಿಧಾನವಾಗಿ ಹೇಳಬೇಕಾದ ಒಂದು ವಿಷಯ ಇದೆ. ನಿಷೇಧ ನಿಜವಾಗಿರಲಿ ಎಂದಾಗ ನಮ್ಮ ನಾಡಿನಲ್ಲಿ ಎಚ್ಚರ ತಪ್ಪಬಾರದು. ಜಾತಿಯ ಹೆಸರಿನಲ್ಲಿ, ಧರ್ಮದ ಹೆಸರಿನಲ್ಲಿ, ಮರ್ಯಾದೆಯ ಹೆಸರಿನಲ್ಲಿ ಪ್ರೀತಿಸಿದವರನ್ನು ಹೊಡೆಯುವ, ಕೊಲ್ಲುವ ಊರುಗಳು ಇವು. ಹದಿನಾರರ ಹುಡುಗಿಯೊಬ್ಬಳು ನಿಮ್ಮ ಪುಸ್ತಕ ಓದಿ, ‘ಹಿರಿಯರು ಹೇಳಿದ್ದೇ ಸರಿ, ಅವರ ರಕ್ತವೇ ಬೇರೆ’ ಎಂಬ ಭಾವನೆ ಹೊತ್ತು ಏಳಬಾರದು. ಹಾಗಾಗಿ ಅಪಾಯವನ್ನು ಮನುಷ್ಯರ ರಕ್ತದಲ್ಲಿ, ವಂಶದಲ್ಲಿ, ಶುದ್ಧಿಯಲ್ಲಿ ಯಾವತ್ತೂ ಇಡಬೇಡಿ. ಪ್ರಾಣಿಯ ನಡವಳಿಕೆಯಲ್ಲಿ ಇಡಿ. ನಡವಳಿಕೆಯನ್ನು ಗಮನಿಸಬಹುದು, ಅರಿಯಬಹುದು, ಬೇಕಾದರೆ ಬದಲಿಸಲೂಬಹುದು. ಆಮೇಲೆ ಇನ್ನೊಂದು ಪದರ ಸೇರಿಸಿ: ಅಪಾಯ ನಿಜ, ಆದರೆ ಅದರ ಮೇಲೆ ಕಟ್ಟಿದ ಕಟ್ಟಳೆ ಅನ್ಯಾಯದ್ದು. ಐದು ತಿಂಗಳ ಎಚ್ಚರವಾಗಿ ಶುರುವಾದದ್ದು ಕಾಲ ಹೋದಂತೆ ವರ್ಷವಿಡೀ ಇರುವ ಹಗೆಯಾಯಿತು. ಹಗೆಯ ನೆಪದಲ್ಲಿ ಹೊಳೆಯ ಪಕ್ಕದ ಗದ್ದೆ ಯಾರ ಪಾಲಾಯಿತು, ಬಾಣೆ ಜಾಗದ (ಗದ್ದೆಗೆ ಸೇರಿದ ಕಾಡುಜಾಗದ) ಗಡಿಕಲ್ಲು ಎಷ್ಟು ಗಜ ಸರಿಯಿತು ಎಂಬುದನ್ನು ದೇಚು ಪತ್ತೆ ಹಚ್ಚಲಿ. ಅಪಾಯವನ್ನು ಒಪ್ಪಿಕೊಂಡು ಅನ್ಯಾಯವನ್ನು ಎದುರಿಸುವ ಹುಡುಗಿ ಮೊದಲ ಪುಸ್ತಕದ ಹುಡುಗಿಗಿಂತ ದೊಡ್ಡವಳು. ಎರಡನೇ ಪುಸ್ತಕ ಇರುವುದೇ ಈ ಬೆಳವಣಿಗೆಗಾಗಿ.

ಕಟ್ಟಳೆ ಕಾಯುವ ಹಿರಿಯರ ಬಗ್ಗೆಯೂ ಇದೇ ಮಾತು. ಅವರೂ ಹಿಂದೊಮ್ಮೆ ಪ್ರೀತಿಸಿ ಸೋತವರು ಎಂಬ ತಿರುವು ಸವೆದು ಹೋಗಿದೆ, ಬಿಟ್ಟುಬಿಡಿ. ಮಲೆಮನೆಯ ಅಜ್ಜಿ ಬೆಂಕಿ ಬಿದ್ದ ವರ್ಷಗಳ ಲೆಕ್ಕ ಇಟ್ಟವಳಾಗಲಿ, ಸತ್ತವರ ಹೆಸರನ್ನು ನಡುಮನೆಯಾದ ನೆಲ್ಲಕ್ಕಿ ಬಾಡೆಯಲ್ಲಿ ದೀಪದ ಮುಂದೆ ಬಾಯಿಪಾಠ ಹೇಳುವವಳಾಗಲಿ. ಅವಳ ವಾದ ಕಾದಂಬರಿಯಲ್ಲೇ ಅತ್ಯಂತ ಗಟ್ಟಿಯಾದ ವಾದವಾಗಿರಬೇಕು. ದೇಚುವಿಗೆ ಅದಕ್ಕೆ ಸರಿಯಾದ ಉತ್ತರ ಇನ್ನೂರು ಪುಟದವರೆಗೂ ಸಿಗಬಾರದು.

ಈಗ ಪ್ರಾಣಿಗೆ ಬರೋಣ. ಮೊದಲ ಪುಸ್ತಕದಲ್ಲಿ ಡ್ರ್ಯಾಗನ್ ಕಂಡರೆ ಸಾಕು, ಓದುಗರು ಬೆರಗಾಗುತ್ತಾರೆ. ಎರಡನೆಯದರಲ್ಲಿ ಲೆಕ್ಕ ಕೇಳುತ್ತಾರೆ. ಲೆಕ್ಕ ಮಾಡಿಟ್ಟುಕೊಂಡವರಿಗೆ ಕಥೆ ತಾನಾಗಿ ಸಿಗುತ್ತದೆ.

ತೂಕದಿಂದ ಶುರು ಮಾಡಿ. ಭೂಮಿಯ ಮೇಲೆ ಹಾರಿದ ಅತಿ ದೊಡ್ಡ ಪ್ರಾಣಿಗಳಲ್ಲಿ ಒಂದಾದ ಕ್ವೆಟ್ಜಲ್‌ಕೋಟ್ಲಸ್ ಎಂಬ ಟೆರೊಸಾರ್‌ನ (ಅಳಿದುಹೋದ ಹಾರುವ ಸರೀಸೃಪದ) ರೆಕ್ಕೆಯಗಲ ಸುಮಾರು 10 ಮೀಟರ್, ತೂಕ 200ರಿಂದ 250 ಕಿಲೊ ಎಂದು ಅಂದಾಜು. ಫ್ಯಾಂಟಸಿಯಲ್ಲಿ ಇದನ್ನು ಮೀರಬಹುದು. ಕೆಂಡಿಗೆ 400 ಕಿಲೊ ಎಂದಿಟ್ಟುಕೊಳ್ಳೋಣ. ಹುಲಿಗೆ ದಿನದ ಸರಾಸರಿ ಐದಾರು ಕಿಲೊ ಮಾಂಸ ಬೇಕು. ದೇಹದ ತೂಕ ಎರಡು ಪಟ್ಟಾದರೆ ಆಹಾರ ಎರಡು ಪಟ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಏರುತ್ತದೆ. ಆ ಲೆಕ್ಕದಲ್ಲಿ ಕೆಂಡಿಗೆ ದಿನಕ್ಕೆ 10 ಕಿಲೊ. ಅಂದರೆ ಹೆಚ್ಚುಕಡಿಮೆ ವಾರಕ್ಕೊಂದು ಸಣ್ಣ ಮಲೆನಾಡು ಗಿಡ್ಡ ದನ. ಬಡವರ ಕೊಟ್ಟಿಗೆಗೆ ಇದು ತಡೆಯಲಾಗದ ನಷ್ಟ, ಮನೆತನಕ್ಕೆ ತೂಗಿಸಿಕೊಂಡು ಹೋಗಬಹುದಾದ ಖರ್ಚು. ಈ ಒಂದು ಅಂಕಿಯಿಂದಲೇ ಡ್ರ್ಯಾಗನ್ ಸಾಕುವುದು ಯಾರಿಗೆ ಸಾಧ್ಯ, ಅದಕ್ಕೆ ದನ ಒದಗಿಸುವವರು ಯಾರು, ಅವರಿಗೆ ಈ ಪ್ರೇಮದ ಬಗ್ಗೆ ಏನನ್ನಿಸುತ್ತದೆ ಎಂಬ ಮೂರು ಅಧ್ಯಾಯ ಹುಟ್ಟುತ್ತವೆ. ಅದೇ ನಾಲ್ಕು ಟನ್ ಡ್ರ್ಯಾಗನ್ ಮಾಡಿದಿರೋ, ದಿನಕ್ಕೆ 60 ಕಿಲೊ. ಹೆಚ್ಚುಕಡಿಮೆ ದಿನಕ್ಕೊಂದು ದನ. ವರ್ಷದೊಳಗೆ ಊರು ಖಾಲಿ. ‘ಇನ್ನೂ ದೊಡ್ಡದು’ ಎಂಬ ಆಸೆ ಕಥೆಯನ್ನು ಮುರಿಯುವುದು ಹೀಗೆ.

ಇಬ್ಬರೂ ಕೂಡಿ ಡ್ರ್ಯಾಗನ್ ಏರಿ ಹಾರುವ ದೃಶ್ಯ ಎಲ್ಲರಿಗೂ ಬೇಕು. ಬರೆಯಿರಿ, ಆದರೆ ತೂಗಿ ಬರೆಯಿರಿ. ಸವಾರಿ ಕುದುರೆಗೆ ಅದರ ತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹೊರಿಸಬಾರದು ಎಂಬ ರೂಢಿಯ ಮಾತಿದೆ. 400 ಕಿಲೊ ಕೆಂಡಿಗೆ ಅದು 80 ಕಿಲೊ. ದೇಚು ಒಬ್ಬಳಾದರೆ ಸರಿ. ಪೂವನೂ ಹತ್ತಿದರೆ 115 ಕಿಲೊ, ಏರಲಾಗದು. ಇಳಿಯಬಹುದು. ಪ್ರತಿ 10 ಮೀಟರ್ ಮುಂದೆ ಹೋಗಲು 1 ಮೀಟರ್ ಎತ್ತರ ಕಳೆದುಕೊಳ್ಳುತ್ತದೆ ಎಂದಿಟ್ಟರೆ, ಕಣಿವೆಗಿಂತ 800 ಮೀಟರ್ ಮೇಲಿರುವ ತುದಿಯಿಂದ ಹಾರಿ 8 ಕಿ.ಮೀ. ದೂರ ತೇಲಿ ಇಳಿಯಬಹುದು, ಮತ್ತೆ ಏಳುವಂತಿಲ್ಲ. ಎಲ್ಲಿ ಇಳಿಯುತ್ತಾರೋ ಅಲ್ಲಿಂದ ನಡೆಯಬೇಕು, ಇಂಬಳ ಕಚ್ಚಿಸಿಕೊಳ್ಳುತ್ತಾ. ಒಟ್ಟಿಗೆ ಹಾರುವುದೆಂದರೆ ಹಿಂದಿರುಗಲಾಗದ ಹಾರಾಟ. ನಿಷಿದ್ಧ ಪ್ರೇಮಕ್ಕೆ ಇದಕ್ಕಿಂತ ಒಪ್ಪುವ ದೃಶ್ಯ ಬೇರೆ ಇಲ್ಲ, ಇದು ಸಿಕ್ಕಿದ್ದು ಬರೀ ಭಾಗಾಕಾರದಿಂದ.

ರೆಕ್ಕೆ ಬಡಿದು ಏರಲಾಗದ ಭಾರದ ಹಕ್ಕಿಗಳು ಬಿಸಿಗಾಳಿಯ ಕಂಬ ಹಿಡಿದು ಏರುತ್ತವೆ. ರಣಹದ್ದು ಬೆಳಿಗ್ಗೆ ತಡವಾಗಿ ಏಳುವುದು ಅದಕ್ಕೇ. ಬಿಸಿಲು ನೆಲ ಕಾಯಿಸುವ ತನಕ ಆ ಕಂಬ ಏಳುವುದಿಲ್ಲ. ಹಾಗಾಗಿ ನಡುರಾತ್ರಿ ಡ್ರ್ಯಾಗನ್ ಏರಿ ಕಿಟಕಿಗೆ ಬರುವ ಪ್ರೇಮಿ ಬೇಡ. ಬೆಳಗಿನ ಒಂಬತ್ತರಿಂದ ಸಂಜೆ ನಾಲ್ಕರ ನಡುವೆ, ಎಲ್ಲರ ಕಣ್ಣೆದುರಿಗೇ ಹಾರಬೇಕು. ದೂರದ ಲೆಕ್ಕವೂ ಇರಲಿ. ಮಡಿಕೇರಿಯಿಂದ ತಲಕಾವೇರಿಗೆ ರಸ್ತೆಯಲ್ಲಿ ಸುಮಾರು 48 ಕಿ.ಮೀ., ನೇರ ಗಾಳಿಯಲ್ಲಿ ಸುಮಾರು 27. ಗಂಟೆಗೆ 40 ಕಿ.ಮೀ. ವೇಗವಾದರೆ ನಲವತ್ತು ನಿಮಿಷ. ನಿಮ್ಮ ಕಲ್ಪಿತ ನಾಡಿಗೂ ಇಂಥ ಎರಡು ಕೋಷ್ಟಕ ಇರಲಿ, ಒಂದು ಕಾಲುದಾರಿಗೆ, ಒಂದು ರೆಕ್ಕೆದಾರಿಗೆ. ಮೊದಲ ಪುಸ್ತಕದಲ್ಲಿ ಒಂದು ದಿನ ಹಿಡಿದ ದಾರಿ ಎರಡನೆಯದರಲ್ಲಿ ಒಂದು ತಾಸಿಗೆ ಮುಗಿದರೆ ಹದಿಮೂರರ ಓದುಗ ಖಂಡಿತ ಹಿಡಿಯುತ್ತಾನೆ.

ಗೂಡು, ಮೊಟ್ಟೆ, ಬೆಂಕಿಗೆ ಮಾದರಿ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಕಾಡಿನ ಕಾಳಿಂಗ ಸರ್ಪ ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟುತ್ತದೆ, ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಅದೊಂದೇ. 20ರಿಂದ 40 ಮೊಟ್ಟೆ, ಕಾಯುವುದು ಹೆಣ್ಣು. ದೊಡ್ಡ ಮಂಗಟ್ಟೆ ಹಕ್ಕಿಯ ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳಿನಿಂದ ಗಂಡು ಹಣ್ಣು ಉಣಿಸುತ್ತದೆ. ಆ ಗಂಡು ಸತ್ತರೆ ಒಳಗಿದ್ದವರ ಗತಿ ಏನು ಎಂಬುದರಲ್ಲೇ ಒಂದು ಉಪಕಥೆ ಇದೆ. ಇನ್ನು ಅಡಿಕೆ ತೋಟದಲ್ಲೂ ಕಾಣಸಿಗುವ ಹಾರುವ ಓತಿ, ಗೇಣುದ್ದದ ಜೀವ. ಚಾಚಿದ ಪಕ್ಕೆಲುಬುಗಳ ಮೇಲೆ ಹೊದ್ದ ಚರ್ಮವೇ ಅದರ ರೆಕ್ಕೆ. ಇದರ ಕುಲಕ್ಕೆ ಡ್ರಾಕೊ (ಲ್ಯಾಟಿನ್‌ನಲ್ಲಿ ಡ್ರ್ಯಾಗನ್) ಎಂದು 1758ರಲ್ಲಿ ಹೆಸರಿಟ್ಟವನು ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್. ಮರದಿಂದ ಮರಕ್ಕೆ ತೇಲುವ ಈ ಓತಿಯ ಹೆಣ್ಣು ಮೊಟ್ಟೆಯಿಡಲು ಮಾತ್ರ ನೆಲಕ್ಕೆ ಇಳಿಯುತ್ತದೆ. ನಿಮ್ಮ ಡ್ರ್ಯಾಗನ್ ನೆಲಕ್ಕಿಳಿಯುವ ಒಂದೇ ಒಂದು ಸಂದರ್ಭ ಅದಾಗಿರಲಿ, ಅದು ಸಿಕ್ಕಿಬೀಳುವುದೂ ಆಗಲೇ. ಬೆಂಕಿಗೆ ಬಾಂಬಾರ್ಡಿಯರ್ ಜೀರುಂಡೆ ಇದೆ: ಹೊಟ್ಟೆಯ ಬೇರೆ ಬೇರೆ ಕೋಣೆಗಳ ರಾಸಾಯನಿಕಗಳನ್ನು ಬೆರೆಸಿ ಸುಮಾರು 100 ಡಿಗ್ರಿ ಬಿಸಿಯ ದ್ರವ ಚಿಮ್ಮಿಸುತ್ತದೆ. ಎರಡು ಕೋಣೆ ಇದ್ದ ಮೇಲೆ ಒಂದು ಖಾಲಿಯಾಗಬಹುದು, ಮತ್ತೆ ತುಂಬಲು ದಿನ ಹಿಡಿಯಬಹುದು. ಎಷ್ಟು ಸಲ ಉಗುಳಬಲ್ಲದು ಎಂಬುದನ್ನು ಮೊದಲೇ ಬರೆದಿಡಿ; ಮೂರು ಎಂದಿಟ್ಟರೆ ಕೊನೆಯ ಯುದ್ಧದಲ್ಲೂ ಮೂರೇ.

ಮನುಷ್ಯರು ಡ್ರ್ಯಾಗನ್ ಜೊತೆ ಬಾಳುವ ಬಗೆಗೆ ಕೊಡಗಿನವರಿಗೆ ಬೇರೆ ಪಾಠ ಬೇಕಿಲ್ಲ, ಆನೆಯೇ ಸಾಕು. ಆನೆ ಬರುವ ತೋಟದಲ್ಲಿ ಹಲಸಿನ ಕಾಯಿಯನ್ನು ಹಣ್ಣಾಗುವ ಮೊದಲೇ ಕೀಳಿಸುತ್ತಾರೆ. ಆನೆ ಹತ್ತಿರವಿದೆಯೇ ಎಂದು ತಿಳಿಯಲು ಕೆಲಸದವರು ಬೆಳಿಗ್ಗೆ ಲದ್ದಿ ಮುಟ್ಟಿ ನೋಡುತ್ತಾರೆ. ಕಂದಕ ತೋಡುತ್ತಾರೆ, ಆನೆ ಅದನ್ನೇ ಮಣ್ಣು ತಳ್ಳಿ ಮುಚ್ಚುತ್ತದೆ. ಸೋಲಾರ್ ಬೇಲಿಯ ಮೇಲೆ ಒಣಮರ ಕೆಡವಿ ದಾಟುತ್ತದೆ. ಈ ಹೊಂದಾಣಿಕೆ, ಸಿಟ್ಟು, ಭಯ, ಪ್ರೀತಿ ಎಲ್ಲವೂ ನಿಮ್ಮ ಪುಟದ ಮೇಲೆ ಬರಲಿ. ಹುಲಿ ಕೊಂದವನನ್ನು ಆ ಹುಲಿಯ ಜೊತೆಗೇ ಮಂಟಪದಲ್ಲಿ ಕೂರಿಸಿ ಮದುಮಗನ ಮರ್ಯಾದೆ ಮಾಡುವ ನರಿಮಂಗಲ (ಕೊಡವ ಮಾತಿನಲ್ಲಿ ನರಿ ಎಂದರೆ ಹುಲಿ) ಎಂಬ ಆಚರಣೆ ಕೊಡವರಲ್ಲಿ ಹಿಂದೆ ಇತ್ತು. ಪ್ರಾಣಿಯೊಂದಿಗೆ ಮದುವೆಯ ನಂಟು ಕಟ್ಟಿದವನಿಗೆ ಮನುಷ್ಯರೊಳಗಿನ ನಂಟು ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅಲ್ಲಿಂದ ತೆಗೆದುಕೊಳ್ಳಿ. ಆಚರಣೆಯನ್ನೇ ಹೆಸರು ಬದಲಿಸಿ ಎತ್ತಿಕೊಳ್ಳಬೇಡಿ. ಅದು ಒಂದು ಜನದ ನೆನಪು.

ಕಾಲದ ವಿಷಯಕ್ಕೆ ಬಂದರೆ, ಗೋಡೆಯ ಮೇಲೆ ಹನ್ನೆರಡು ಹಾಳೆ ಅಂಟಿಸಿ, ತಿಂಗಳಿಗೊಂದು. ಮೊದಲು ನೆಲದ ಕಾಲ ಬರೆಯಿರಿ: ಮಾರ್ಚ್‌–ಏಪ್ರಿಲ್‌ನ ಹೂಮಳೆ, ಮಳೆಯಾದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬಿಳಿಯಾಗುವ ಕಾಫಿ ಹೂ, ಜೂನ್‌ನ ಮುಂಗಾರು, ಜುಲೈ–ಆಗಸ್ಟ್‌ನ ಕಕ್ಕಡ ಮಾಸ, ನಾಟಿ ಮುಗಿದ ಮೇಲೆ ಬರುವ ಆಯುಧಪೂಜೆಯ ಹಬ್ಬ ಕೈಲ್‌ಪೊದ್, ಅಕ್ಟೋಬರ್‌ನ ತುಲಾ ಸಂಕ್ರಮಣ, ನವೆಂಬರ್‌–ಡಿಸೆಂಬರ್‌ನ ಸುಗ್ಗಿಹಬ್ಬ ಪುತ್ತರಿ, ಆಮೇಲೆ ಕಾಫಿ ಕೊಯ್ಲು, ಕಾಡಂಚಿನಲ್ಲಿ ಬೆಂಕಿ ರೇಖೆ ಸವರುವ ಒಣ ತಿಂಗಳು. ಅದರ ಕೆಳಗೆ ಬೇರೆ ಬಣ್ಣದಲ್ಲಿ ಡ್ರ್ಯಾಗನ್ ಕಾಲ. ಮೂರನೇ ಬಣ್ಣದಲ್ಲಿ ಪ್ರೇಮಿಗಳ ಭೇಟಿ. ಗೂಡಿನ ತಿಂಗಳಲ್ಲಿ ಹಾರಬಹುದು, ಮುಟ್ಟುವಂತಿಲ್ಲ. ಮಳೆಯ ತಿಂಗಳಲ್ಲಿ ಮುಟ್ಟಬಹುದು, ಆದರೆ ಬಿಸಿಗಾಳಿಯಿಲ್ಲ, ಹೊಳೆ ದಾಟಲಾಗದು. ಈ ಎರಡು ಸಾಲು ಗೋಡೆಯ ಮೇಲೆ ಎದುರುಬದುರು ನಿಂತವೆಂದರೆ ಕದ್ದ ಪತ್ರ, ಇನ್ನೊಬ್ಬ ಚೆಲುವ ಯಾವುದೂ ಬೇಕಾಗುವುದಿಲ್ಲ.

ಕಕ್ಕಡದ 18ನೇ ದಿನ ಮದ್ದುಸೊಪ್ಪಿನ ಪಾಯಸ ಉಣ್ಣುವುದು ನಿಮಗೆಲ್ಲ ಗೊತ್ತು. ಅಂದು ಆ ಸೊಪ್ಪಿನಲ್ಲಿ 18 ಬಗೆಯ ಮದ್ದು ಸೇರಿರುತ್ತದೆಂದು ನಂಬಿಕೆ. ಬೇಯಿಸಿದರೆ ಕಡುನೇರಳೆ ಬಣ್ಣ, ಗಾಢವಾದ ವಾಸನೆ. ವಾಸನೆಯ ಮೇಲೆ ನಿಂತ ನಮ್ಮ ಕಥೆಗೆ ಇದು ಎಂಥ ವರ! ಅಂದು ಎರಡೂ ಮನೆಯವರ ಮೈಗೆ ಒಂದೇ ವಾಸನೆ. ಮಾರ್ಚ್‌ನಲ್ಲಿ ಇದನ್ನೇ ಬಳಸಿದರೆ ಎಂದು ದೇಚು ಸೊಪ್ಪು ಒಣಗಿಸಿ ಇಟ್ಟುಕೊಳ್ಳುತ್ತಾಳೆ. ಬಳಸುತ್ತಾಳೆ, ಸೋಲುತ್ತಾಳೆ. ಏಕೆಂದರೆ ಆ ದಿನ ಕಳೆದ ಮೇಲೆ ಮದ್ದಿನ ಸತ್ವ ಉಳಿಯದೆಂದು ಅಜ್ಜಿ ಇಪ್ಪತ್ತನೇ ಪುಟದಲ್ಲೇ ಹೇಳಿದ್ದಳು, ಅಡುಗೆ ಮಾತಿನ ನಡುವೆ. ಸೋಲಿನ ಕಾರಣ ಓದುಗರ ಕೈಯಲ್ಲಿ ಮೊದಲೇ ಇರಬೇಕು. ಆಗ ಅವರು ಮೋಸ ಹೋದೆವು ಎನ್ನುವುದಿಲ್ಲ, ಅಯ್ಯೋ ಎನ್ನುತ್ತಾರೆ.

ಮೊದಲ ಪುಸ್ತಕದ ಬೆಂಕಿ ಎರಡನೆಯದರಲ್ಲಿ ಸಾಲವಾಗಿ ಬರಬೇಕು ಎಂಬುದಕ್ಕೂ ನೆಲವೇ ದಾರಿ ತೋರಿಸುತ್ತದೆ. ಸುಟ್ಟ ಇಳಿಜಾರಿನ ಮೇಲ್ಮಣ್ಣು ಮೊದಲ ಮಳೆಗೆ ನೀರು ಕುಡಿಯದೆ ಕೆಸರಾಗಿ ಹರಿಯುತ್ತದೆ. ಅದು ತಕ್ಷಣದ ಹೊಡೆತ. ಸತ್ತ ಮರದ ಬೇರು ಕೊಳೆತು ಮಣ್ಣಿನ ಹಿಡಿತ ಬಿಡಲು ಕೆಲವು ವರ್ಷ ಬೇಕು. ಆಮೇಲಿನ ಒಂದು ಜೋರು ಮಳೆಗೆ ಬೆಟ್ಟವೇ ಜಾರಬಹುದು. ಎರಡು ಪುಸ್ತಕಗಳ ನಡುವೆ ಎಷ್ಟು ಅಂತರ ಇಡಬೇಕು ಎಂಬುದನ್ನು ಇದೇ ನಿರ್ಧರಿಸಲಿ. ಮೂರು ವರ್ಷ ಎಂದಿಟ್ಟರೆ, ಆಗ 17 ಇದ್ದವರಿಗೆ ಈಗ 20. ಇದರಿಂದ ಇನ್ನೊಂದು ಗಂಟೂ ಬಿಚ್ಚಿಕೊಳ್ಳುತ್ತದೆ. ನಮ್ಮಲ್ಲಿ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಪ್ರೇಮದ ನವಿರು ದೃಶ್ಯಗಳಲ್ಲಿ ಇಬ್ಬರೂ 18 ದಾಟಿರಲಿ, ಹದಿಹರೆಯದ ಪುಸ್ತಕವಾದ್ದರಿಂದ ಅಲ್ಲೂ ಕೈ ಹಿಡಿಯುವುದಕ್ಕೇ ಅತಿ ಹೆಚ್ಚಿನ ಬೆಲೆ ಇರಲಿ. ಒಂದು ಬೇಡಿಕೆ: 2018ರ ಆಗಸ್ಟ್‌ನಲ್ಲಿ ಇಲ್ಲಿ ಬೆಟ್ಟ ಜಾರಿ ಮನೆ, ತೋಟ, ಜನ ಹೋದದ್ದನ್ನು ಕಂಡವರು ನಿಮ್ಮ ಓದುಗರಲ್ಲಿದ್ದಾರೆ. ಆ ಊರುಗಳ ಹೆಸರನ್ನು ರೋಚಕತೆಗಾಗಿ ಬಳಸಬೇಡಿ. ಜಾರಿದ ಕ್ಷಣಕ್ಕೆ ಒಂದು ಪುಟ ಸಾಕು, ಮರುದಿನಕ್ಕೆ ಹತ್ತು ಪುಟ ಕೊಡಿ.

ಪ್ರೇಮದ ದೃಶ್ಯ ಬರೆಯುವಾಗ ಕೈತಪ್ಪುವುದು ಎಲ್ಲಿ ಎಂದು ನೋಡೋಣ. ಮೊದಲ ಕರಡಿನಲ್ಲಿ ಬರುವ ಬಗೆ ಇದು: ‘ಪೂವನನ್ನು ಕಂಡು ದೇಚುವಿನ ಎದೆ ಝಲ್ಲೆಂದಿತು. ಅವನನ್ನು ಮುಟ್ಟಬೇಕೆನ್ನಿಸಿತು. ಆದರೆ ಮುಟ್ಟುವಂತಿರಲಿಲ್ಲ. ಅವಳ ಕಣ್ಣು ತುಂಬಿ ಬಂತು.’ ಇದರಲ್ಲಿ ಡ್ರ್ಯಾಗನ್ ಇಲ್ಲ, ಕಾಲ ಇಲ್ಲ, ಗಾಳಿ ಇಲ್ಲ. ಬೆಟ್ಟದ ಇಳಿಜಾರಿನಲ್ಲಿ ಹಗಲು ಗಾಳಿ ಮೇಲಕ್ಕೆ ಏರುತ್ತದೆ, ರಾತ್ರಿ ಕೆಳಕ್ಕೆ ಇಳಿಯುತ್ತದೆ. ಹೊಳೆಯ ಬಳಿ ಹಗಲು ನಿಂತವರ ವಾಸನೆ ನೆತ್ತಿಯ ಮೇಲಿನ ಕೆಂಡಿಗೆ ತಲುಪುತ್ತದೆ. ಇಷ್ಟು ಗೊತ್ತಿದ್ದು ಬರೆದರೆ:

‘ದೇಚು ನೀರಿನ ಗಿಂಡಿಯನ್ನು ಬಂಡೆಯ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ಸರಿದಳು. ಪೂವ ಕೈಗೆ ಸೊಪ್ಪು ಸುತ್ತಿಕೊಂಡು ಅದನ್ನೆತ್ತಿದ, ಎತ್ತರಿಸಿ ಕುಡಿದ. ಕೊರಳಿಗೆ ಇಳಿದ ನೀರನ್ನು ಒರೆಸಿಕೊಳ್ಳಲಿಲ್ಲ. ಮೇಲೆ ಬಂಡೆಗಳ ನಡುವೆ ಕೆಂಡಿ ತಲೆ ಎತ್ತಿತು. ಇಬ್ಬರೂ ಮರದ ಎಲೆಗಳನ್ನೇ ನೋಡುತ್ತ ನಿಂತರು. ಎಲೆ ಮೇಲ್ಮುಖವಾಗಿ ಅಲುಗುತ್ತಿತ್ತು. ಆಮೇಲೆ ನಿಂತಿತು. ಆಮೇಲೆ ಹೊಳೆಯ ಕಡೆಗೆ ವಾಲಿತು. ಕೆಂಡಿ ತಲೆ ಇಳಿಸಿತು. “ನಿನ್ನೆಗಿಂತ ಇವತ್ತು ಗಾಳಿ ತಡ” ಎಂದ ಪೂವ. “ಮಳೆ ಹತ್ತಿರ ಬಂತು” ಎಂದಳು.’

ಪ್ರೀತಿ ಎಂಬ ಶಬ್ದ ಇಲ್ಲಿ ಎಲ್ಲೂ ಬಂದಿಲ್ಲ. ಇಬ್ಬರೂ ದಿನಾ ಬರುತ್ತಾರೆ, ಗಾಳಿಯ ಲೆಕ್ಕ ಇಟ್ಟಿದ್ದಾರೆ ಎಂಬುದೇ ಅದನ್ನು ಹೇಳುತ್ತದೆ. ಪಾತ್ರೆಗೆ ಬಾಯಿ ತಾಗಿಸದೆ ಕುಡಿಯುವ ಈ ಚಿತ್ರ ನಮ್ಮ ಊರುಗಳ ಅಸ್ಪೃಶ್ಯತೆಯನ್ನು ನೆನಪಿಸದೆ ಇರದು. ಬರೆಯುವವರಿಗೆ ಅದು ಗೊತ್ತಿರಬೇಕು. ಹೊಳೆಮನೆಯ ಆಳುಮಗನೊಬ್ಬ ಇದನ್ನು ಕಂಡು, ‘ನಮಗೆ ವರ್ಷವಿಡೀ ಹೀಗೇ ಕೊಡ್ತೀರಿ, ಅದಕ್ಕೆ ಯಾವ ಡ್ರ್ಯಾಗನ್ ಕಾರಣ?’ ಎಂದು ಪೂವನನ್ನು ಕೇಳಲಿ. ಪೂವನಲ್ಲಿ ಉತ್ತರ ಇರಬಾರದು.

ಇಂಥ ಭೇಟಿಗಳು ಇಡೀ ಪುಸ್ತಕದಲ್ಲಿ ಐದಾರು ಇದ್ದರೆ ಹೆಚ್ಚು. ಪ್ರತಿ ಭೇಟಿಯ ಕೊನೆಯಲ್ಲಿ ಏನೋ ಒಂದು ತುಟ್ಟಿಯಾಗಿರಬೇಕು: ಮೊದಲ ಸಲ ಬರೀ ಬೈಗುಳ, ಎರಡನೇ ಸಲ ಒಂದು ಕೊಟ್ಟಿಗೆ, ಮೂರನೇ ಸಲ ಒಂದು ಜೀವ. ಸಂಬೋಧನೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೊದಲ ಪುಸ್ತಕದ ಕೊನೆಗೆ ಇಬ್ಬರೂ ‘ನೀನು’ ಎನ್ನತೊಡಗಿದ್ದರೆ, ಈಗ ಹಿರಿಯರ ಮುಂದೆ ‘ನೀವು’ ಎನ್ನಬೇಕಾಗುತ್ತದೆ. ಊರು ಸೇರುವ ಬಯಲಾದ ಮಂದ್‌ನಲ್ಲಿ, ಜನ ತುಂಬಿದ್ದಾಗ, ಒಮ್ಮೆ ನಾಲಿಗೆ ತಪ್ಪಿ ‘ನೀನು’ ಬಂದರೆ ಸಾಕು, ಗುಟ್ಟು ರಟ್ಟು. ಹಾಗೆಯೇ ಡ್ರ್ಯಾಗನ್‌ಗೆ ‘ಅದು’ ಎನ್ನುವವರು ಯಾರು, ‘ಅವಳು’ ಎನ್ನುವವರು ಯಾರು ಎಂದು ಪಾತ್ರವಾರು ಬರೆದಿಟ್ಟುಕೊಂಡು ತಪ್ಪದೆ ಪಾಲಿಸಿ.

ಬರೆದಿಟ್ಟುಕೊಳ್ಳುವ ಮಾತು ಬಂದದ್ದರಿಂದ: ಎರಡನೆಯದರ ಮೊದಲ ಸಾಲಿಗೆ ಮುನ್ನ ಮೊದಲ ಪುಸ್ತಕವನ್ನು ಪೆನ್ಸಿಲ್ ಹಿಡಿದು ಓದಿ ಒಂದು ದಾಖಲೆ ಪುಸ್ತಕ ಮಾಡಲೇಬೇಕು. ಗಾಯದ ಗುರುತು ಎಡಗೈಯೋ ಬಲಗೈಯೋ, ಯಾರು ಯಾರಿಗೆ ಏನು ಮಾತು ಕೊಟ್ಟರು, ಮುಖ್ಯವಾಗಿ ಯಾವ ಗುಟ್ಟು ಯಾರಿಗೆ ಗೊತ್ತು. ಈ ಕೊನೆಯದಕ್ಕೆ ಚೌಕಗಳ ಹಾಳೆ ಮಾಡಿ: ಮೇಲೆ ಪಾತ್ರಗಳು, ಪಕ್ಕದಲ್ಲಿ ಗುಟ್ಟುಗಳು, ತಿಳಿದ ಪುಟದ ಸಂಖ್ಯೆ ಚೌಕದಲ್ಲಿ. ಎರಡನೇ ಪುಸ್ತಕಗಳಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ. ಹಿಂದಿನ ಕಥೆಯನ್ನು ಮೊದಲ ಅಧ್ಯಾಯದಲ್ಲಿ ಒಟ್ಟಿಗೆ ಸುರಿಯಬೇಡಿ. ಯಾರಿಗೆ ಯಾರು ನಿಷಿದ್ಧ, ತಪ್ಪಿದರೆ ಶಿಕ್ಷೆ ಏನು, ಡ್ರ್ಯಾಗನ್ ಏನು ಮಾಡಬಲ್ಲದು, ಈ ಮೂರು ಮೊದಲ ಹತ್ತು ಪುಟದಲ್ಲಿ ಗೊತ್ತಾದರೆ ಹೊಸ ಓದುಗರಿಗೂ ಸಾಕು.

ಗಾತ್ರ: ಡೆಮಿ ಅಷ್ಟಪತ್ರ ಎಂಬ ಪುಸ್ತಕದ ಅಳತೆಯಲ್ಲಿ ಪುಟಕ್ಕೆ ಸುಮಾರು 250 ಪದ, ಅಚ್ಚಿನ ಒಂದು ಫಾರ್ಮಿಗೆ 16 ಪುಟ. 15 ಫಾರ್ಮ್ ಅಂದರೆ 240 ಪುಟ, 60,000 ಪದ. ಅದರೊಳಗೆ ಮುಗಿಸಿ. ಪಾತ್ರದ ಹೆಸರನ್ನು ನಡುವೆ ಬದಲಿಸಿದರೆ ಕಂಪ್ಯೂಟರಿನ ಹುಡುಕು-ಬದಲಿಸು ಕನ್ನಡದಲ್ಲಿ ಕೈಕೊಡುತ್ತದೆ, ವಿಭಕ್ತಿ ಸೇರಿದಾಗ ಹೆಸರಿನ ಕೊನೆ ಬದಲಾಗುತ್ತದಲ್ಲ. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಕಣ್ಣಾರೆ ನೋಡಿ.

ಪ್ರಶ್ನೆ: ಸಂಭಾಷಣೆಯಲ್ಲಿ ಕೊಡವ ತಕ್ಕ್ (ಕೊಡವರ ಭಾಷೆ), ಅರೆಭಾಷೆ (ಇಲ್ಲಿನ ಗೌಡರ ಮಾತು) ಎಷ್ಟು ಬಳಸಬಹುದು?

ಕಲ್ಪಿತ ನಾಡಾದರೂ ಮಾತು ನೆಲದ್ದೇ ಇರಲಿ. ಆದರೆ ಪದಕೋಶ ಹಿಂದೆ ಕಟ್ಟಬೇಕಾಗುವಷ್ಟು ಬೇಡ. ವಸ್ತು, ಊಟ, ನಂಟಿನ ಹೆಸರುಗಳನ್ನು ಆಯಾ ಭಾಷೆಯಲ್ಲೇ ಇಡಿ, ಕ್ರಿಯಾಪದ ಕನ್ನಡದಲ್ಲಿರಲಿ. ಪೀಚೆಕತ್ತಿ ಎಂದರೇನು ಎಂದು ವಿವರಿಸುವ ಬದಲು ಅದನ್ನು ಸೊಂಟದಿಂದ ಎಳೆಯಲಿ. ಎರಡು ಮನೆಗೆ ಎರಡು ಮಾತಿನ ಬಗೆ ಕೊಟ್ಟರಂತೂ, ಪೂವನ ಒಂದು ಪದ ದೇಚುವಿನ ಬಾಯಲ್ಲಿ ಬಂದದ್ದನ್ನು ಅಜ್ಜಿ ಕೇಳಿಸಿಕೊಳ್ಳುವ ದೃಶ್ಯ ನಿಮ್ಮದಾಗುತ್ತದೆ. ಆ ಭಾಷೆ ಮನೆಮಾತಾದ ಒಬ್ಬರಿಂದಲಾದರೂ ಅಚ್ಚಿಗೆ ಮೊದಲು ಓದಿಸಿ.

ಪ್ರಶ್ನೆ: ಮೂರನೇ ಪುಸ್ತಕ ಇದೆ. ಎರಡನೆಯದನ್ನು ಎಲ್ಲಿ ನಿಲ್ಲಿಸಬೇಕು?

ಡ್ರ್ಯಾಗನ್‌ಅನ್ನು ಕೊಂದು ನಿಲ್ಲಿಸುವ ಚಾಳಿ ಇದೆ. ಬೇಡ. ಕೆಂಡಿ ಸತ್ತರೆ ಅಪಾಯವೂ ಸತ್ತಿತು, ಮೂರನೆಯದರಲ್ಲಿ ಪ್ರೇಮಿಗಳಿಗೆ ಎದುರಾಗಿ ಏನೂ ಉಳಿಯುವುದಿಲ್ಲ. ಈ ಪುಸ್ತಕ ಎತ್ತಿದ ಪ್ರಶ್ನೆಗೆ, ಅಂದರೆ ನಿಷೇಧ ಏಕೆ ಬಂತು ಎಂಬುದಕ್ಕೆ, ಪೂರ್ತಿ ಉತ್ತರ ಕೊಟ್ಟು ಮುಗಿಸಿ. ಅದನ್ನು ಮೂರನೆಯದಕ್ಕೆ ಉಳಿಸಿಕೊಂಡರೆ ಓದುಗರಿಗೆ ಮಾಡಿದ ಮೋಸ. ಉಳಿಸಬೇಕಾದದ್ದು, ಗೊತ್ತಾದ ಮೇಲೆ ಏನು ಮಾಡುವುದು ಎಂಬುದನ್ನು. ನಮ್ಮ ಉದಾಹರಣೆಯಲ್ಲಾದರೆ: ಬೆಟ್ಟ ಜಾರಿದಾಗ ಮಸಿಯ ಗೂಡು ಹೋಗಿದೆ, ಬೇಸಿಗೆಯಲ್ಲಿ ಮರಿಯಾಗದೆ ಉಳಿದಿದ್ದ ಒಂದು ಮೊಟ್ಟೆ ಮಾತ್ರ ಸಿಕ್ಕಿದೆ. ಅದನ್ನು ಬಿಸಿ ಇಡಬಲ್ಲದ್ದು ಕೆಂಡಿ ಮಾತ್ರ. ದೇಚು ಆ ಮೊಟ್ಟೆಯನ್ನು ಮಲೆಮನೆಯ ಹೊಸ್ತಿಲ ತನಕ ತಂದಿದ್ದಾಳೆ. ತಿಂಗಳು ಆಗಸ್ಟ್, ಗೂಡಿನ ಕಾಲಕ್ಕೆ ಐದು ತಿಂಗಳು ಬಾಕಿ. ಅಜ್ಜಿ ಬಾಗಿಲಲ್ಲಿ ನಿಂತು, ಒಳಗೆ ತರುವುದೋ ಬೇಡವೋ ಎಂದು ನೀನೇ ಹೇಳು ಎನ್ನುತ್ತಾಳೆ. ದೇಚು ಏನು ಹೇಳಿದಳೆಂಬುದನ್ನೂ ಅಲ್ಲೇ ಬರೆದುಬಿಡಿ. ಅದರ ಫಲ ಏನಾಯಿತೆಂಬುದು ಮೂರನೇ ಪುಸ್ತಕದ ಕೆಲಸ.